ಬಂದರಿನ ಚುಕ್ಕಿಗಳು ಪ್ರಿಂಟ್‌ನಲ್ಲಿ ಉಳಿಯುತ್ತವೆಯೇ?

ಪ್ರಶ್ನೆ: ಸರ್, ಮಂಗಳೂರಿನಲ್ಲಿ ಹೊಸ ಫ್ಲ್ಯಾಟ್‌ಗೆ ಬಂದಿದ್ದೇವೆ. ನನ್ನ ತಂದೆ ಬಂದರಿನ ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ದುಡಿದವರು. ಹಾಗಾಗಿ ಹಾಲ್‌ನ ಗೋಡೆಗೆ ಬಂದರಿನ ಚಿತ್ರವೇ ಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಫ್ರೆಂಚ್ ಚಿತ್ರಕಾರ ಜಾರ್ಜ್ ಸೂರಾ ಅವರ ‘ಪೋರ್-ಆಂ-ಬೆಸಾಂ, ಬಂದರಿನ ಪ್ರವೇಶ’ ಎಂಬ ಚಿತ್ರ ನೋಡಿ ತುಂಬ ಇಷ್ಟವಾಯಿತು. ‘ಮ್ಯೂಸಿಯಂ ಕ್ವಾಲಿಟಿ ಫೈನ್ ಆರ್ಟ್ ಪ್ರಿಂಟ್, ಲಿಮಿಟೆಡ್ ಎಡಿಷನ್’ ಅಂತ ಹಾಕಿದ್ದಾರೆ. ಎ4ರಿಂದ ಹಿಡಿದು 60×90 ಸೆಂ.ಮೀ. ವರೆಗೆ ಸೈಜ್ ಇದೆ. ಪೇಪರ್ ಅಥವಾ ಕ್ಯಾನ್ವಾಸ್, ಯಾವುದಾದರೂ ಆಗಬಹುದಂತೆ. ಇದು ಬರೀ ಚುಕ್ಕಿಗಳಲ್ಲಿ ಬರೆದ ಚಿತ್ರ. ದೊಡ್ಡದಾಗಿ ತೆಗೆದುಕೊಂಡರೆ ಮಸುಕಾಗುತ್ತದಾ? ಯಾವುದನ್ನು ಆರಿಸಲಿ? ಇಲ್ಲಿನ ಮಳೆಗಾಲಕ್ಕೆ ತಡೆಯುತ್ತದಾ?

ಉತ್ತರ: ಒಳ್ಳೆಯ ಚಿತ್ರವನ್ನೇ ಆರಿಸಿದ್ದೀರಿ. ನೀವು ಕೇಳಿದ್ದರಲ್ಲಿ ಸೈಜ್‌ನ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಬೇರೆ ಚಿತ್ರಗಳಲ್ಲಿ ಸೈಜ್ ಅಂದರೆ ಗೋಡೆಗೆ ಹೊಂದುತ್ತದಾ ಇಲ್ಲವಾ ಅಷ್ಟೇ. ಚುಕ್ಕಿ ಚಿತ್ರದಲ್ಲಿ ಹಾಗಲ್ಲ. ಚುಕ್ಕಿಯ ಅಳತೆ ಬದಲಾದರೆ ಚಿತ್ರವೇ ಬದಲಾಗುತ್ತದೆ. ಅದಕ್ಕೇ ಮೊದಲು ಆ ಚಿತ್ರದ ಬಗ್ಗೆ ಸ್ವಲ್ಪ ಹೇಳಿ, ಆಮೇಲೆ ಪ್ರಿಂಟ್‌ಗೆ ಬರುತ್ತೇನೆ.

ಪೋರ್-ಆಂ-ಬೆಸಾಂ ಅನ್ನುವುದು ಫ್ರಾನ್ಸ್‌ನ ನಾರ್ಮಂಡಿ ಕರಾವಳಿಯ ಒಂದು ಸಣ್ಣ ಮೀನುಗಾರಿಕೆ ಬಂದರು. ಸೂರಾ 1888ರಲ್ಲಿ ಅಲ್ಲಿಗೆ ಹೋಗಿ ಆ ಊರಿನ ಆರು ಚಿತ್ರಗಳನ್ನು ಮಾಡಿದರು. ನೀವು ನೋಡಿದ್ದು ಅವುಗಳಲ್ಲಿ ಒಂದು. ಮೂಲ ಚಿತ್ರ ಈಗ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಅದರ ಅಳತೆ 54.9×65.1 ಸೆಂ.ಮೀ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸೂರಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಷಿಕಾಗೋದಲ್ಲಿರುವ ‘ಗ್ರಾಂದ್ ಜಾತ್’. ಅದು ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದ ಚಿತ್ರ, ಯಾರ ಮನೆಯ ಗೋಡೆಗೂ ಹಿಡಿಸುವುದಿಲ್ಲ. ಈ ಬಂದರು ಹಾಗಲ್ಲ. ನಿಮ್ಮ ಸೋಫಾ ಎದುರಿಗೆ ಮೂಲದ ಅಳತೆಯಲ್ಲೇ ಕೂರುತ್ತದೆ.

ಚಿತ್ರಕಾರ ಗುಡ್ಡದ ಮೇಲೆ ನಿಂತು ಕೆಳಗೆ ನೋಡುತ್ತಿದ್ದಾರೆ. ಮುಂದೆ ಹುಲ್ಲಿನ ಇಳಿಜಾರು. ಅದರಾಚೆ ಬಂದರಿನ ಕಲ್ಲಿನ ತಡೆಗೋಡೆ. ಅದರಾಚೆಗೆ ಸಮುದ್ರ, ಅಲ್ಲಲ್ಲಿ ಪುಟ್ಟ ಪುಟ್ಟ ಹಾಯಿದೋಣಿಗಳು. ನೀರಿನ ಮೇಲೆ ಉದ್ದುದ್ದಕ್ಕೆ ಮೊಟ್ಟೆಯಾಕಾರದ ಕಲೆಗಳು ಕಾಣುತ್ತವಲ್ಲ, ಅವು ಮೋಡಗಳ ನೆರಳು. ನನಗೆ ಇಡೀ ಚಿತ್ರದಲ್ಲಿ ಇಷ್ಟವಾದ ಜಾಗ ಅದೇ. ಪ್ರಿಂಟ್ ಮಾಡುವಾಗ ಮೊದಲು ಸಾಯುವುದೂ ಅದೇ ಜಾಗ. ನೆರಳಿಗೂ ಬಿಸಿಲಿಗೂ ನಡುವೆ ಅಲ್ಲಿ ಗೆರೆ ಇಲ್ಲ. ನೀಲಿ ಚುಕ್ಕಿಗಳು ಜಾಸ್ತಿಯಾಗುತ್ತಾ, ತಿಳಿ ಬಣ್ಣದ ಚುಕ್ಕಿಗಳು ಕಡಿಮೆಯಾಗುತ್ತಾ ಹೋಗುತ್ತವೆ, ಅಷ್ಟೇ. ಚುಕ್ಕಿಗಳು ಕಲಸಿಹೋದರೆ ಮೋಡದ ನೆರಳು ನೀರಿನ ಕೊಳೆಯಂತೆ ಕಾಣುತ್ತದೆ.

ಸೂರಾ ಯಾಕೆ ಹೀಗೆ ಚುಕ್ಕಿ ಇಟ್ಟರು? ಇದರ ಹಿಂದೆ ಒಂದು ಬಟ್ಟೆಯ ಕಥೆ ಇದೆ. ಪ್ಯಾರಿಸ್‌ನಲ್ಲಿ ಗೋಬ್ಲಾಂ ಅನ್ನುವ ಹೆಸರಾಂತ ನೇಯ್ಗೆ ಕಾರ್ಖಾನೆ ಇತ್ತು. ಅಲ್ಲಿನ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದವರು ಶೆವ್ರಲ್ ಎಂಬ ರಸಾಯನ ವಿಜ್ಞಾನಿ. ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲ, ನೀಲಿ ಮತ್ತು ನೇರಳೆಯ ಪಕ್ಕದಲ್ಲಿ ನೇಯ್ದರೆ ಪೇಲವವಾಗಿ ಕಾಣುತ್ತದೆ ಅಂತ ಅವರಿಗೆ ದೂರು ಬಂತು. ಅವರು ಪರೀಕ್ಷೆ ಮಾಡಿದರು. ಬಣ್ಣದಲ್ಲಿ ಏನೂ ತಪ್ಪಿರಲಿಲ್ಲ. ಪಕ್ಕದ ನೂಲಿನ ಬಣ್ಣ ಕಪ್ಪನ್ನು ಹಾಗೆ ಕಾಣಿಸುತ್ತಿತ್ತು. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ಹೇಗೆ ಬದಲಾಯಿಸುತ್ತದೆ ಅನ್ನುವುದರ ಮೇಲೆ ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಸೂರಾ ಯಾರ ಬರಹ ಓದಿದ್ದರೋ ಅವರಲ್ಲಿ ಶೆವ್ರಲ್ ಮುಖ್ಯರು. ನಮ್ಮಲ್ಲಿ ಸೀರೆ ಅಂಗಡಿಗೆ ಹೋದವರಿಗೆ ಇದು ಹೊಸತೇನಲ್ಲ. ಡಬಲ್ ಶೇಡ್ ರೇಷ್ಮೆ ಸೀರೆ ನೋಡಿರುತ್ತೀರಿ ಅಲ್ವಾ? ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ. ದೂರದಿಂದ ಮೂರನೆಯದೇ ಒಂದು ಬಣ್ಣ ಮಿನುಗುತ್ತದೆ. ಸೂರಾ ಕ್ಯಾನ್ವಾಸ್ ಮೇಲೆ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹರಡಿದೆ. ಹಳದಿ ಚುಕ್ಕಿ ಪಕ್ಕ ನೀಲಿ ಚುಕ್ಕಿ ಇಟ್ಟರೆ ದೂರದಿಂದ ಹಸಿರು ಕಾಣುತ್ತದೆ ಅಂತ ಎಷ್ಟೋ ಮಾರಾಟಗಾರರು ಬರೆದಿರುತ್ತಾರೆ. ಹಾಗಾಗುವುದಿಲ್ಲ. ಬಣ್ಣವನ್ನು ತಟ್ಟೆಯಲ್ಲಿ ಕಲಸಿದರೆ ಹಸಿರು ಬರುತ್ತದೆ. ಕಣ್ಣಿನಲ್ಲಿ ಬೆರೆತರೆ ಬೂದಿಯ ಕಡೆಗೆ ಹೋಗುತ್ತದೆ. ಸೂರಾ ಅವರ ಹುಲ್ಲು ಹಸಿರು ಚುಕ್ಕಿಗಳಿಂದಲೇ ಆದದ್ದು. ಅದರ ನಡುವೆ ಬಿಸಿಲಿಗೆ ಹಳದಿ, ಕಿತ್ತಳೆ ಚುಕ್ಕಿ, ನೆರಳಿಗೆ ನೀಲಿ ಚುಕ್ಕಿ. ಅವು ಪೂರ್ತಿ ಬೆರೆಯಲಿ ಅಂತ ಇಟ್ಟದ್ದಲ್ಲ. ಬೆರೆಯುವ ಹಂತದಲ್ಲಿ ನಿಂತು ಮಿನುಗಲಿ ಅಂತ ಇಟ್ಟದ್ದು. ಅವರ ಚಿತ್ರಕಾರ ಗೆಳೆಯ ಪಾಲ್ ಸಿನ್ಯಾಕ್ ‘ನಾವು ಚುಕ್ಕಿ ಇಡುವವರಲ್ಲ, ಬಣ್ಣವನ್ನು ಬಿಡಿಸುವವರು’ ಅನ್ನುವ ಅರ್ಥದಲ್ಲಿ 1899ರ ತಮ್ಮ ಪುಸ್ತಕದಲ್ಲಿ ಬರೆದರು. ಈ ಚುಕ್ಕಿ ಶೈಲಿಗೆ ಬಿದ್ದ ‘ಪಾಯಿಂಟಿಲಿಸಂ’ ಅನ್ನುವ ಹೆಸರು ಅವರಿಗೆ ಹಿಡಿಸುತ್ತಿರಲಿಲ್ಲ.

ಈಗ ನಿಮ್ಮ ಗೋಡೆಗೆ ಬರೋಣ. ಸರಿಯಾದ ದೃಷ್ಟಿ ಇರುವ ಕಣ್ಣಿಗೆ 1 ಮಿ.ಮೀ. ಚುಕ್ಕಿ ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಬಿಡಿಯಾಗಿ ಕಾಣುವುದು ನಿಲ್ಲುತ್ತದೆ. 2 ಮಿ.ಮೀ. ಚುಕ್ಕಿಗೆ ಸುಮಾರು ಏಳು ಮೀಟರ್ ಬೇಕು. ಲೆಕ್ಕಕ್ಕೆ ಈ ಚಿತ್ರದ ಒಂದು ಚುಕ್ಕಿ 2 ಮಿ.ಮೀ. ಅಂತ ಇಟ್ಟುಕೊಳ್ಳಿ. ಸೋಫಾದಿಂದ ಗೋಡೆಗೆ ಮೂರು ಮೂರೂವರೆ ಮೀಟರ್ ಇರಬಹುದು. ಮೂಲದ ಅಳತೆಯ ಪ್ರಿಂಟ್ ಹಾಕಿದರೆ ಅಲ್ಲಿಂದ ಚುಕ್ಕಿಗಳು ಇದ್ದೂ ಇಲ್ಲದಂತೆ ಇರುತ್ತವೆ. ನೀರು ಅಲುಗಾಡಿದಂತೆ ಕಾಣುತ್ತದೆ. ಎದ್ದು ಹತ್ತಿರ ಹೋದರೆ ಚಿತ್ರ ಚುಕ್ಕಿಗಳಾಗಿ ಬಿಡಿಸಿಕೊಳ್ಳುತ್ತದೆ. ಈ ಹೋಗಿ ಬರುವುದೇ ಚುಕ್ಕಿ ಚಿತ್ರದ ಸುಖ. ಅದನ್ನೇ ಎ4ಗೆ ಇಳಿಸಿದರೆ ಆ ಚುಕ್ಕಿ 1 ಮಿ.ಮೀ.ಗಿಂತ ಸಣ್ಣದಾಗುತ್ತದೆ. ಸೋಫಾದಿಂದ ಅದು ಬರೀ ತೆಳು ನೀಲಿ ಬಣ್ಣದ ಸಮುದ್ರ. ಯಾವ ಚಿತ್ರವಾದರೂ ಆಗಬಹುದಿತ್ತು. ಹಾಗಾಗಿ ಎ4, ಎ3 ಬೇಡವೇ ಬೇಡ. ಓದುವ ಮೇಜಿನ ಮೇಲೆ, ಕೈಯಳತೆಯಲ್ಲಿ ಇಡುವುದಾದರೆ ಎ3 ಆಗಬಹುದು.

60×90 ಕೂಡ ಬೇಡ, ಅದಕ್ಕೆ ಕಾರಣ ಬೇರೆ. ಮೂಲ ಚಿತ್ರ ಅಗಲಕ್ಕೆ ಹೋಲಿಸಿದರೆ ಸಾಕಷ್ಟು ಎತ್ತರವಾಗಿದೆ. ಅದನ್ನು ಎರಡಕ್ಕೆ ಮೂರರ ಆಕಾರಕ್ಕೆ ತುಂಬಿಸಬೇಕಾದರೆ ಮೇಲೆ ಕೆಳಗೆ ಕತ್ತರಿಸಲೇಬೇಕು. ಲೆಕ್ಕ ಹಾಕಿ ನೋಡಿ: 65.1 ಅಗಲಕ್ಕೆ ಎತ್ತರ 43.4 ಮಾತ್ರ ಉಳಿಯುತ್ತದೆ. ಹನ್ನೊಂದೂವರೆ ಸೆಂಟಿಮೀಟರ್ ಹೋಯಿತು. ಅಂದರೆ ಚಿತ್ರದ ಐದನೇ ಒಂದು ಭಾಗ! ಎ2 ಆಕಾರಕ್ಕೂ ಸುಮಾರು ಒಂಬತ್ತು ಸೆಂಟಿಮೀಟರ್ ಹೋಗುತ್ತದೆ. ಆಕಾಶವೋ ಹುಲ್ಲೋ, ಯಾವುದನ್ನು ಕತ್ತರಿಸಿದರೂ ಚಿತ್ರ ಹಾಳು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಚಿತ್ರದ ಸುತ್ತ ಸೂರಾ ತಾವೇ ಚುಕ್ಕಿಗಳಿಂದ ಒಂದು ಅಂಚು ಬರೆದಿದ್ದಾರೆ. ಕೊನೆಯ ವರ್ಷಗಳಲ್ಲಿ ಅವರು ಎಷ್ಟೋ ಚಿತ್ರಗಳಿಗೆ ಹೀಗೆ ಮಾಡಿದರು. ಒಳಗಿನ ಬಣ್ಣಕ್ಕೆ ಎದುರು ಬಣ್ಣದ (ನೀಲಿಗೆ ಕಿತ್ತಳೆ, ಹೀಗೆ) ಚುಕ್ಕಿಗಳನ್ನು ಅಂಚಿನಲ್ಲಿ ಇಡುತ್ತಿದ್ದರು, ಸೀರೆಗೆ ಎದುರು ಬಣ್ಣದ ಅಂಚು ಕೊಟ್ಟ ಹಾಗೆ. ಪ್ರಿಂಟ್ ಮಾರುವವರು ಅದನ್ನು ಹಳೆಯ ಚಿತ್ರದ ಕೊಳೆ ಅಂಚು ಅಂದುಕೊಂಡು ಕತ್ತರಿಸಿಬಿಡುತ್ತಾರೆ. ನೀವು ನೋಡಿದ ಜಾಹೀರಾತಿನ ಚಿತ್ರದಲ್ಲಿ ಆ ಅಂಚು ಇದೆಯಾ ನೋಡಿ. ಇಲ್ಲದಿದ್ದರೆ ಆ ಅಂಗಡಿ ಬಿಟ್ಟುಬಿಡಿ.

ನೀವು ಕೇಳಬೇಕಾದದ್ದು ಇಷ್ಟು: ಪೂರ್ತಿ ಚಿತ್ರ, ಅಂಚು ಸಮೇತ, 55×65 ಸೆಂ.ಮೀ., ಸುತ್ತ ನಾಲ್ಕೈದು ಸೆಂಟಿಮೀಟರ್ ಖಾಲಿ ಬಿಳಿ ಕಾಗದ. ಈ ಸೈಜ್ ಅವರ ಪಟ್ಟಿಯಲ್ಲಿ ಇರುವುದಿಲ್ಲ. ಹೇಳಿ ಮಾಡಿಸಬೇಕು. ದೊಡ್ಡ ಪ್ರಿಂಟರ್‌ಗಳಲ್ಲಿ ಕಾಗದ ರೋಲ್‌ನಿಂದ ಬರುತ್ತದೆ. ಬೇಕಾದ ಅಳತೆಗೆ ಮಾಡಿಕೊಡುವುದು ಕಷ್ಟವೇನಲ್ಲ.

ಮಸುಕಾಗುತ್ತದಾ ಅಂತ ಕೇಳಿದ್ದೀರಿ. ಅದು ಪ್ರಿಂಟರ್ ಮೇಲಲ್ಲ, ಫೈಲ್ ಮೇಲೆ ನಿಂತಿದೆ. ಈ ಉತ್ತರ ಬರೆಯುವ ಮೊದಲು ನಾನು ನಮ್ಮ ಪ್ರಿಂಟ್ ರೂಮಿನಲ್ಲಿ ಅಂಗೈಯಗಲದ ಎರಡು ತುಂಡು ತೆಗೆದೆ. ಎರಡರಲ್ಲೂ ಅದೇ ಸಮುದ್ರ, ಅದೇ ಅಳತೆ, ಅದೇ ಕಾಗದ. ಒಂದನ್ನು ದೊಡ್ಡ ಫೈಲ್‌ನಿಂದ ತೆಗೆದೆ. ಇನ್ನೊಂದನ್ನು ಅಗಲಕ್ಕೆ 1,500 ಪಿಕ್ಸೆಲ್ ಇರುವ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಫೈಲ್‌ನಿಂದ. ತೋಳಳತೆಯಲ್ಲಿ ಹಿಡಿದರೆ ಎರಡನೆಯದು ಸ್ವಲ್ಪ ಮೆತ್ತಗೆ ಅನ್ನಿಸಿತು, ಅಷ್ಟೇ. ಭೂತಗನ್ನಡಿ ಇಟ್ಟೆ. ಮೊದಲನೆಯದರಲ್ಲಿ ಒಂದು ಕಿತ್ತಳೆ ಚುಕ್ಕಿ ನೀಲಿಗಳ ನಡುವೆ ಒಂಟಿಯಾಗಿ ಕೂತಿತ್ತು. ಒಂದು ಬದಿಯಲ್ಲಿ ಕುಂಚ ಎತ್ತಿದ ಕಡೆ ಬಣ್ಣ ಸಣ್ಣದಾಗಿ ಉಬ್ಬಿದ ಗುರುತು ಕೂಡ ಇತ್ತು. ಎರಡನೆಯದರಲ್ಲಿ ಅದೇ ಜಾಗದಲ್ಲಿ ಕಿತ್ತಳೆಯೇ ಇಲ್ಲ. ಕಂದು ಬಣ್ಣದ ಒಂದು ಕಲೆ, ಅದರ ಸುತ್ತ ಕೊಳೆ ನೀಲಿ.

ಯಾಕೆ ಹೀಗಾಯಿತು ಅಂದರೆ, 1,500 ಪಿಕ್ಸೆಲ್ಲನ್ನು 65 ಸೆಂಟಿಮೀಟರ್‌ಗೆ ಹರಡಿದಾಗ ಒಂದು 2 ಮಿ.ಮೀ. ಚುಕ್ಕಿಗೆ ಅಗಲಕ್ಕೆ ಐದು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಅದರ ಮೇಲೆ ಜೆಪೆಗ್‌ನ (ಫೋಟೋವನ್ನು ಕುಗ್ಗಿಸಿ ಇಡುವ ಫೈಲ್‌ನ) ಕಾಟ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಇದನ್ನು ನೋಡಿಕೊಂಡೇ ಹೆಚ್ಚಿನ ಜೆಪೆಗ್ ಫೈಲ್‌ಗಳು ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಂದು ಅಂತ ಹಂಚಿಬಿಡುತ್ತವೆ. ಮದುವೆ ಫೋಟೋದಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸೂರಾ ಮಾಡಿದ್ದೇ ಪಕ್ಕಪಕ್ಕದಲ್ಲಿ ಎದುರು ಬಣ್ಣ ಇಡುವ ಕೆಲಸ. ಎಷ್ಟೋ ಕಡೆ ಎರಡು ಚುಕ್ಕಿಗಳ ಬೆಳಕು ಒಂದೇ, ಬಣ್ಣ ಮಾತ್ರ ಬೇರೆ. ಸರಿಯಾಗಿ ಅಲ್ಲಿಗೇ ಕತ್ತರಿ ಬೀಳುತ್ತದೆ. ಚುಕ್ಕಿ ಚಿತ್ರದಷ್ಟು ಇದರಿಂದ ನರಳುವ ಚಿತ್ರ ಇನ್ನೊಂದಿಲ್ಲ.

ಹಾಗಾಗಿ ಅಂಗಡಿಯವರನ್ನು ಒಂದೇ ನೇರ ಪ್ರಶ್ನೆ ಕೇಳಿ: ನಿಮ್ಮ ಫೈಲ್ ಎಷ್ಟು ಪಿಕ್ಸೆಲ್? ಮೂಲದ ಅಳತೆಗೆ 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಬೇಕಾದರೆ ಸುಮಾರು 7,700×6,500 ಪಿಕ್ಸೆಲ್ ಬೇಕು, ಅಂದರೆ 50 ಮೆಗಾಪಿಕ್ಸೆಲ್. ಅದರ ಅರ್ಧ, ಅಗಲಕ್ಕೆ 3,900ರ ಹತ್ತಿರ ಇದ್ದರೂ ನಾನು ಒಪ್ಪುತ್ತೇನೆ. ಒಂದು ಚುಕ್ಕಿಗೆ ಹನ್ನೆರಡು ಪಿಕ್ಸೆಲ್ ಸಿಗುತ್ತದೆ, ಆಕಾರ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಬೇಡ. ‘ಎಐ ಹಾಕಿ ದೊಡ್ಡದು ಮಾಡುತ್ತೇವೆ’ ಅಂದರೆ ದಯವಿಟ್ಟು ಬೇಡ ಅನ್ನಿ. ನಾನು ಮಾಡಿ ನೋಡಿದ್ದೇನೆ. ಆ ಸಾಫ್ಟ್‌ವೇರ್ ಚುಕ್ಕಿಗಳನ್ನು ಫೋಟೋದ ಕಾಳುಕಾಳು ದೋಷ ಅಂದುಕೊಂಡು ಒರೆಸಿತು. ಉಳಿದವನ್ನು ಹುಳುಗಳ ಹಾಗೆ ಒಂದಕ್ಕೊಂದು ಜೋಡಿಸಿತು. ನೋಡಲು ಚೂಪಾಗಿತ್ತು, ಸೂರಾ ಮಾತ್ರ ಇರಲಿಲ್ಲ.

ಇನ್ನು ಆ ದೊಡ್ಡ ದೊಡ್ಡ ಮಾತುಗಳು. ‘ಫೈನ್ ಆರ್ಟ್ ಪ್ರಿಂಟ್’, ‘ಮ್ಯೂಸಿಯಂ ಕ್ವಾಲಿಟಿ’ ಅನ್ನುವುದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ‘ಲಿಮಿಟೆಡ್ ಎಡಿಷನ್’ಗೆ ಇಲ್ಲಿ ಬೆಲೆಯೇ ಇಲ್ಲ. ಸೂರಾ 1891ರಲ್ಲಿ, ಬರೀ 31ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಚಿತ್ರಗಳ ಮೇಲೆ ಈಗ ಯಾರ ಕಾಪಿರೈಟ್ ಕೂಡ ಇಲ್ಲ. ಇವರು ನೂರು ಪ್ರತಿಗೆ ನಿಲ್ಲಿಸಿದರೆ ಪಕ್ಕದವರು ಸಾವಿರ ತೆಗೆಯಬಹುದು. ಸರ್ಟಿಫಿಕೇಟ್‌ಗೆ ಅಂತ ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ಕಲಾವಿದರೇ ಮಾಡಿದ ಪ್ರಿಂಟ್ ಅನ್ನುವುದು ಬೇರೆ ಜಾತಿ. ಸಿನ್ಯಾಕ್ ತಾವೇ 1897-98ರ ಹೊತ್ತಿಗೆ ಸೇಂಟ್ ಟ್ರೊಪೇ ಬಂದರಿನದ್ದೊಂದು ಬಣ್ಣದ ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಮಾಡಿದ್ದರು. ಅಂಥದ್ದಕ್ಕೆ ಸಂಗ್ರಹಕಾರರು ದೊಡ್ಡ ಬೆಲೆ ಕೊಡುತ್ತಾರೆ. ನೀವು ಕೊಳ್ಳುತ್ತಿರುವುದು ಒಂದು ಒಳ್ಳೆಯ ನಕಲು. ಅದರಲ್ಲಿ ತಪ್ಪೇನಿಲ್ಲ. ಆದರೆ ದುಡ್ಡು ಕೊಡುವುದು ಕಾಗದಕ್ಕೆ, ಶಾಯಿಗೆ, ಕೆಲಸಕ್ಕೆ ಮಾತ್ರ.

ಶಾಯಿ ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವುದು) ಇರಲಿ, ಡೈ (ಕರಗಿದ ಬಣ್ಣದ್ದು) ಬೇಡ. ಡೈ ಬೇಗ ಮಾಸುತ್ತದೆ. ಆಫ್‌ಸೆಟ್ ಪೋಸ್ಟರ್ (ಪ್ರೆಸ್‌ನಲ್ಲಿ ರಾಶಿಗಟ್ಟಲೆ ಅಚ್ಚಾಗುವುದು) ಅಂತೂ ಈ ಚಿತ್ರಕ್ಕೆ ಬೇಡವೇ ಬೇಡ. ಆಫ್‌ಸೆಟ್‌ನಲ್ಲಿ ಬಣ್ಣ ಬರುವುದೇ ಚುಕ್ಕಿಗಳ ಜಾಲದಿಂದ, ಮಿಲಿಮೀಟರ್‌ಗೆ ಸುಮಾರು ಆರು ಸಾಲು. ಸೂರಾ ಚುಕ್ಕಿಯ ಮೇಲೆ ಪ್ರೆಸ್‌ನ ಚುಕ್ಕಿ ಕೂರುತ್ತದೆ. ಕೆಲವೊಮ್ಮೆ ಎರಡೂ ತಾಕಿ ಅಲೆಅಲೆಯಾದ ಗೆರೆಗಳು ಏಳುತ್ತವೆ. ಪಿಗ್ಮೆಂಟ್ ಇಂಕ್‌ಜೆಟ್‌ನಲ್ಲಿ ಶಾಯಿ ಸಿಂಪಡಿಸಿದಂತೆ ಸಣ್ಣದಾಗಿ ಬೀಳುವುದರಿಂದ ಆ ತೊಂದರೆ ಇಲ್ಲ. ಎಂಟರಿಂದ ಹನ್ನೆರಡು ಬಣ್ಣ ಇರುವ ಮೆಷಿನ್ ಆದರೆ ಒಳ್ಳೆಯದು. ಅದರಲ್ಲೂ ಕಿತ್ತಳೆ ಮತ್ತು ಹಸಿರು ಶಾಯಿ ಬೇರೆಯಾಗಿ ಇದ್ದರೆ ಹುಲ್ಲಿನ ಮೇಲಿನ ಬಿಸಿಲು ಚೆನ್ನಾಗಿ ಬರುತ್ತದೆ.

ಪೇಪರೋ ಕ್ಯಾನ್ವಾಸೋ? ಪೇಪರ್. ಮೂಲ ಕ್ಯಾನ್ವಾಸ್ ಮೇಲೇ ಇದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಮೂಲದ ಬಟ್ಟೆಯ ನೇಯ್ಗೆ ಫೋಟೋದಲ್ಲೇ ಬಂದಿರುತ್ತದೆ. ಅದನ್ನು ಇನ್ನೊಂದು ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಎರಡು ನೇಯ್ಗೆ ಆಗುತ್ತದೆ, ಚುಕ್ಕಿಗಳು ಅವುಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಮರದ ಪಟ್ಟಿಗೆ ಸುತ್ತಿ ಮೊಳೆ ಹೊಡೆಯುವಾಗ ಆ ಬರೆದ ಅಂಚೂ ಪಕ್ಕಕ್ಕೆ ಮಡಚಿಹೋಗುತ್ತದೆ. ನೂರಕ್ಕೆ ನೂರು ಹತ್ತಿಯ, ಹೊಳಪಿಲ್ಲದ, ಮೈ ನುಣುಪಾದ, 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ) ಹತ್ತಿರದ ಕಾಗದ ಕೇಳಿ. ಕಣ್ಣು ಕುಕ್ಕುವ ಬಿಳಿ ಬೇಡ. ಆ ಬಿಳಿ ಒಂದು ರಾಸಾಯನಿಕದಿಂದ ಬರುವುದು, ವರ್ಷ ಕಳೆದಂತೆ ಅದರ ಶಕ್ತಿ ಕುಂದಿ ಕಾಗದ ಹಳದಿಗೆ ತಿರುಗುತ್ತದೆ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಈ ಚಿತ್ರ ಮೂಲದಲ್ಲಿ ತಣ್ಣಗಿದೆ, ಸ್ವಲ್ಪ ಮಂಜು ಮಂಜು. ಮಾರುವವರು ನೀಲಿ, ಹಸಿರು ಏರಿಸಿ ಹಬ್ಬದ ಬಣ್ಣ ಮಾಡಿಬಿಡುತ್ತಾರೆ. ಮ್ಯೂಸಿಯಂನ ಸ್ವಂತ ವೆಬ್‌ಸೈಟ್‌ನ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟು ಹೋಲಿಸಿ. ಸೂರಾ ಬಳಸಿದ ಕೆಲವು ಬಣ್ಣಗಳು ಕಾಲ ಕಳೆದಂತೆ ಬದಲಾಗಿವೆ, ನಿಜ. ‘ಗ್ರಾಂದ್ ಜಾತ್’ನಲ್ಲಿ ಅವರು ಹಾಕಿದ್ದ ಸತುವಿನ ಹಳದಿ ಕಂದುಗಟ್ಟಿದೆ. ಹಾಗಂತ ಪ್ರಿಂಟರ್‌ನವರು ಊಹೆಯ ಮೇಲೆ ಬಣ್ಣ ತಿದ್ದುವುದು ಸರಿಯಲ್ಲ. ಈಗ ಇರುವ ಹಾಗೇ ಬರಲಿ.

ಮಳೆಗಾಲದ ಮಾತು ನೀವು ಎತ್ತಿದ್ದು ಒಳ್ಳೆಯದಾಯಿತು. ಆಟಿ ತಿಂಗಳಲ್ಲಿ ನಿಮ್ಮ ಕಡೆ ಬೀರುವಿನೊಳಗಿನ ಬೆಲ್ಟ್‌ಗೇ ಬೂಷ್ಟು ಹಿಡಿಯುತ್ತದೆ. ಹತ್ತಿಯ ಕಾಗದ ಬಿಡುತ್ತದಾ? ಹೊರಗೋಡೆಗೆ ತೂಗುಹಾಕಬೇಡಿ. ಎರಡು ರೂಮುಗಳ ನಡುವಿನ ಗೋಡೆ ಆರಿಸಿ. ಕಟ್ಟು ಹಾಕಿಸುವಾಗ ಅಂಗಡಿಯವರು ಅಭ್ಯಾಸಬಲದಿಂದ ಪ್ರಿಂಟ್‌ನ ಬೆನ್ನಿಗೆ ಪೂರ್ತಿ ಗಮ್ ಬಳಿದು ಪ್ಲೈವುಡ್‌ಗೆ ಅಂಟಿಸಿಬಿಡುತ್ತಾರೆ. ಅದನ್ನು ಮೊದಲೇ ತಡೆಯಿರಿ. ನನ್ನದೇ ಒಂದು ಪ್ರಿಂಟ್ ಹೀಗೆ ಹೋಯಿತು. ಎರಡನೇ ಮಳೆಗಾಲಕ್ಕೆ ಉಬ್ಬಿ, ಒಳಗಿನಿಂದ ಕಂದು ಕಲೆಗಳು ಮೇಲಕ್ಕೆ ಬಂದವು, ಬಿಡಿಸಲೂ ಆಗಲಿಲ್ಲ. ಕಾಗದವನ್ನು ಮೇಲಿನ ಎರಡು ಮೂಲೆಯಲ್ಲಿ ಮಾತ್ರ ಆ್ಯಸಿಡ್ ಇಲ್ಲದ ಟೇಪ್‌ನಿಂದ ತೂಗಿಸಬೇಕು. ಸುತ್ತ ಆ್ಯಸಿಡ್ ಇಲ್ಲದ ಮೌಂಟ್ ಬೋರ್ಡ್ ಇರಲಿ. ಅದರಿಂದ ಗಾಜು ಕಾಗದಕ್ಕೆ ತಾಗುವುದಿಲ್ಲ. ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಹಿಂದಕ್ಕೆ ಎಂಡಿಎಫ್ (ಮರದ ನಾರಿನ ಹಲಗೆ) ಬದಲು ಎಸಿಪಿ ಶೀಟ್ (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ ಹಾಳೆ) ಹಾಕಿಸಿ, ನೀರು ಕುಡಿಯುವುದಿಲ್ಲ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಮೌಂಟ್ ಕತ್ತರಿಸುವಾಗ ಆ ಚುಕ್ಕಿ ಅಂಚು ಪೂರ್ತಿ ಹೊರಗೆ ಕಾಣಬೇಕು ಅಂತ ಬರೆದು ಕೊಡಿ.

ಗಾಜಿಗೆ ದುಡ್ಡು ಹಾಕಬಹುದು ಅಂದರೆ ಹೊಳಪು ಹೊಡೆಯದ ಗಾಜು ಹಾಕಿಸಿ. ಎದುರಿಗೆ ಕಿಟಕಿಯಿದ್ದರೆ ಸಾದಾ ಗಾಜಿನಲ್ಲಿ ಸಮುದ್ರಕ್ಕಿಂತ ನಿಮ್ಮ ಕಿಟಕಿಯೇ ಜಾಸ್ತಿ ಕಾಣುತ್ತದೆ. ಪಶ್ಚಿಮದ ಬಿಸಿಲು ನೇರ ಬೀಳದಿರಲಿ. ಸಂಜೆ ಹಚ್ಚುವ ಎಲ್‌ಇಡಿ ಬಲ್ಬ್‌ನ ಡಬ್ಬಿಯ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 90 ಅಥವಾ ಮೇಲೆ ಅಂತ ಇರಬೇಕು. ಕಡಿಮೆ ಇದ್ದರೆ ಕೆಂಪು, ಕಿತ್ತಳೆ ಚುಕ್ಕಿಗಳು ಮಂಕಾಗುತ್ತವೆ. ಆಗ ಬಿಸಿಲೇ ಹೋಯಿತು.

ಪೂರ್ತಿ ಪ್ರಿಂಟ್‌ಗೆ ಹಣ ಕಟ್ಟುವ ಮೊದಲು ಒಂದು ಸ್ಯಾಂಪಲ್ ಕೇಳಿ. ಮೋಡದ ನೆರಳು ಇರುವ ಸಮುದ್ರದ ಜಾಗವೇ ಬೇಕು ಅನ್ನಿ, ಮೂಲದ ಅಳತೆಯಲ್ಲಿ, ಎ4 ಹಾಳೆಯಷ್ಟು. ಒಳ್ಳೆಯ ಪ್ರಿಂಟರ್‌ನವರು ಸಣ್ಣ ಮೊತ್ತ ತೆಗೆದುಕೊಂಡು ಕೊಡುತ್ತಾರೆ. ಅದನ್ನು ಗೋಡೆಗೆ ಸುಮ್ನೆ ಎರಡು ದಿನ ಅಂಟಿಸಿಡಿ. ಬೆಳಿಗ್ಗೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿ. ತಂದೆಯವರನ್ನೂ ಕರೆದು ತೋರಿಸಿ. ನೀರಿನ ಮೇಲೆ ಮೋಡದ ನೆರಳು ಹೇಗೆ ಬೀಳುತ್ತದೆ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಎರಡು ಫೋಟೋ ತೆಗೆದು ನನಗೆ ಕಳಿಸಿ, ಹತ್ತಿರದಿಂದ ಒಂದು, ಸೋಫಾದಿಂದ ಒಂದು. ನೋಡಿ ಹೇಳುತ್ತೇನೆ.